ಉಣ್ಣುವವನ ವ್ರತ, ಉಣಬಡಿಸುವವನ ಹೊಣೆ

ತಪಸ್ಸುಕಾಲದ ಒಂದು ಶುಕ್ರವಾರದ ಸಂಜೆ. ದೇವಾಲಯದಲ್ಲಿ ಶಿಲುಬೆಯ ಹಾದಿಯ ಭಕ್ತಿಕ್ರಿಯೆಯನ್ನು ಮುಗಿಸಿಕೊಂಡು ನಮ್ಮ ಪರಿಚಯದ ಕುಟುಂಬವೊಂದು ಪೇಟೆಯ ಹೋಟೆಲೊಂದಕ್ಕೆ ಊಟಕ್ಕೆ ಹೋಗಿತ್ತು. ಮನೆಯ ಅಜ್ಜಿ ಹರೆಯದ ದಿನಗಳಿಂದಲೂ ಬೂದಿ ಬುಧವಾರದಿಂದ ಈಸ್ಟರ್ ಹಬ್ಬದವರೆಗೆ ಮಾಂಸವನ್ನು ಮುಟ್ಟದವರು. ಅವರಿಗಾಗಿ ತರಕಾರಿ ಸೂಪು ಮತ್ತು ತರಕಾರಿ ಅನ್ನ ತರಿಸಲಾಯಿತು. ನಾಲ್ಕು ಚಮಚ ಕುಡಿಯುವಷ್ಟರಲ್ಲಿ ಅಜ್ಜಿಗೆ ರುಚಿಯಲ್ಲಿ ಏನೋ ಅನುಮಾನ ಬಂದಿತು. ಮಾಣಿಯನ್ನು ಕರೆದು ವಿಚಾರಿಸಿದರೆ, ಆತ ಒಳಗೆ ಹೋಗಿ ಬಂದು, ‘ಸೂಪಿನ ನೀರು ಮಾತ್ರ ಕೋಳಿಯದು ಅಮ್ಮಾ, ಅದರಲ್ಲಿ ತುಂಡು ಏನೂ ಇಲ್ಲ’ ಎಂದು ಸಮಾಧಾನ ಹೇಳಿದ. ವ್ಯವಸ್ಥಾಪಕರು ಬಂದು ಸೂಪಿನ ಹಣವನ್ನು ಬಿಲ್ಲಿನಿಂದ ಕಳೆಯುವುದಾಗಿ ಹೇಳಿದರು. ಅಜ್ಜಿ ಜಗಳವಾಡಲಿಲ್ಲ. ಚಮಚವನ್ನು ಕೆಳಗಿಟ್ಟು, ಒಂದು ಲೋಟ ನೀರು ಕುಡಿದು, ಉಳಿದವರ ಊಟ ಮುಗಿಯುವ ತನಕ ಸುಮ್ಮನೆ ಕುಳಿತರು. ಅವರಿಗೆ ಬೇಕಾಗಿದ್ದುದು ರಿಯಾಯಿತಿಯಲ್ಲ. ತಾನು ಉಣ್ಣುತ್ತಿರುವುದು ಏನು ಎಂಬ ಸತ್ಯ.

ಸಂಗತಿ ಸಣ್ಣದು. ಪೊಲೀಸು ಠಾಣೆಗೂ ನ್ಯಾಯಾಲಯಕ್ಕೂ ಹೋಗುವಂಥದ್ದಲ್ಲ. ಆದರೂ ಇದನ್ನು ಕೇಳಿದಾಗಿನಿಂದ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿದೆ. ಹಣ ತೆತ್ತು ಉಣ್ಣಲು ಬಂದವನ ಧರ್ಮನಿಷ್ಠೆಯನ್ನು, ಆತನ ವ್ರತವನ್ನು, ಆತನ ಪಥ್ಯವನ್ನು ಗೌರವಿಸುವ ಹೊಣೆ ಹೋಟೆಲಿನವರ ಮೇಲೆ ಇದೆಯೇ? ಇದ್ದರೆ ಅದು ಎಷ್ಟು? ಆ ಹೊಣೆಯನ್ನು ಇತರರಿಂದ ನಿರೀಕ್ಷಿಸುವ ನಾವು, ನಮ್ಮ ಮದುವೆ ಮುಂಜಿಗಳ ಪಂಕ್ತಿಯಲ್ಲಿ ಕುಳಿತ ಅನ್ಯಧರ್ಮೀಯ ಅತಿಥಿಗಳ ವಿಷಯದಲ್ಲಿ ಎಷ್ಟರಮಟ್ಟಿಗೆ ಅದನ್ನು ಪಾಲಿಸುತ್ತಿದ್ದೇವೆ?

ಧರ್ಮಸಭೆಯ ನಿಯಮ

ಮೊದಲಿಗೆ ನಮ್ಮದೇ ನಿಯಮವನ್ನು ನೆನಪು ಮಾಡಿಕೊಳ್ಳುವುದು ಒಳ್ಳೆಯದು. 1983ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಪ್ರಕಟಿಸಿದ ಧರ್ಮಸಭೆಯ ಕಾನೂನು ಸಂಹಿತೆಯ 1249ರಿಂದ 1253ರವರೆಗಿನ ವಿಧಿಗಳು ತಪಸ್ಸಿನ ದಿನಗಳನ್ನು ಕುರಿತವು. ವರ್ಷದ ಎಲ್ಲ ಶುಕ್ರವಾರಗಳೂ, ಮಹೋತ್ಸವದ ದಿನ ಬಂದ ಶುಕ್ರವಾರಗಳನ್ನು ಬಿಟ್ಟು, ಮಾಂಸವರ್ಜನೆಯ ದಿನಗಳು. ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಮಾಂಸವರ್ಜನೆಯ ಜೊತೆಗೆ ಉಪವಾಸವೂ ಇದೆ. 14 ವರ್ಷ ತುಂಬಿದವರೆಲ್ಲರಿಗೂ ಮಾಂಸವರ್ಜನೆ ಅನ್ವಯಿಸುತ್ತದೆ. ಪ್ರಾಪ್ತವಯಸ್ಕರಿಗೆ 60ನೆಯ ವರ್ಷ ಆರಂಭವಾಗುವವರೆಗೆ ಉಪವಾಸ ಅನ್ವಯಿಸುತ್ತದೆ. ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿ ಇವನ್ನು ಹೆಚ್ಚು ಸ್ಪಷ್ಟಗೊಳಿಸಬಹುದು. ಮಾಂಸವರ್ಜನೆಗೆ ಬದಲಾಗಿ ಪ್ರಾರ್ಥನೆ, ದಾನಧರ್ಮಗಳಂಥ ಬೇರೆ ರೂಪದ ತಪಸ್ಸನ್ನು ಗೊತ್ತುಮಾಡಬಹುದು. ಇಂಗ್ಲೆಂಡ್ ಮತ್ತು ವೇಲ್ಸಿನ ಧರ್ಮಾಧ್ಯಕ್ಷರು ಒಂದು ಕಾಲಕ್ಕೆ ಹೀಗೆ ಸಡಿಲಿಸಿದ್ದ ಶುಕ್ರವಾರದ ಮಾಂಸವರ್ಜನೆಯನ್ನು 2011ರ ಸೆಪ್ಟೆಂಬರಿನಲ್ಲಿ ಮತ್ತೆ ಜಾರಿಗೆ ತಂದುದನ್ನು ಇಲ್ಲಿ ಸ್ಮರಿಸಬಹುದು. ವ್ರತಗಳ ಕಾಲ ಮುಗಿಯಿತು ಎಂದು ಭಾವಿಸುವವರಿಗೆ ಅದೊಂದು ಉತ್ತರ.

ನಮ್ಮ ರಾಜ್ಯದಲ್ಲಿಯೇ ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಧರ್ಮಪ್ರಾಂತ್ಯಗಳ ಸಿರೋ ಮಲಬಾರ್ ಪದ್ಧತಿಯ ಕುಟುಂಬಗಳಲ್ಲಿ ಐವತ್ತು ದಿನಗಳ ಮಹಾವ್ರತವನ್ನು ಮಾಂಸ, ಮೀನು, ಮೊಟ್ಟೆಗಳನ್ನು ಬಿಟ್ಟು ಆಚರಿಸುವವರು ಅನೇಕರಿದ್ದಾರೆ. ಇನ್ನು ಕರಾವಳಿಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ದಿನ, ಮಾತೆ ಮರಿಯಳ ಜನ್ಮದಿನದಂದು, ಹೊಸ ಭತ್ತದ ಕಾಳನ್ನು ಹಂಚಿಕೊಂಡು ತರಕಾರಿಯ ಊಟವನ್ನೇ ಮಾಡುವ ಸಂಪ್ರದಾಯ ತಲೆತಲಾಂತರದಿಂದ ಬಂದಿದೆ. ಆದ್ದರಿಂದ ಕ್ರೈಸ್ತರಿಗೆ ಆಹಾರದಲ್ಲಿ ಯಾವ ಕಟ್ಟಳೆಯೂ ಇಲ್ಲ, ಅವರು ಏನನ್ನು ಬೇಕಾದರೂ ಯಾವಾಗ ಬೇಕಾದರೂ ತಿನ್ನುತ್ತಾರೆ ಎಂಬ ಸಾಮಾನ್ಯ ನಂಬಿಕೆ ಸರಿಯಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಮಾಚಬಾರದು. 1917ರ ಹಳೆಯ ಸಂಹಿತೆಯಲ್ಲಿ ಮಾಂಸದ ಜೊತೆಗೆ ಮಾಂಸದ ರಸವನ್ನೂ ನಿಷೇಧಿಸಲಾಗಿತ್ತು. 1966ರಲ್ಲಿ ಜಗದ್ಗುರು ಆರನೆಯ ಪೌಲರು ಹೊರಡಿಸಿದ ಶಾಸನದಲ್ಲಿ ಮೊಟ್ಟೆ, ಹಾಲಿನ ಪದಾರ್ಥ ಮತ್ತು ಪ್ರಾಣಿಜನ್ಯ ಕೊಬ್ಬಿನಿಂದಾದ ಒಗ್ಗರಣೆ ಸಾಮಗ್ರಿಗಳಿಗೆ ನಿಷೇಧವಿಲ್ಲವೆಂದು ತಿಳಿಸಲಾಯಿತು. ಮಾಂಸದ ರಸದ ಹೆಸರನ್ನು ಅಲ್ಲಿ ಬೇರೆಯಾಗಿ ಎತ್ತಲಿಲ್ಲ. ಆದ್ದರಿಂದ ತಿಳಿಯದೆ ನಾಲ್ಕು ಚಮಚ ಸೂಪು ಕುಡಿದ ಅಜ್ಜಿ ಯಾವ ಪಾಪವನ್ನೂ ಮಾಡಲಿಲ್ಲ. ಗುರುಗಳು ಅವರಿಗೆ ಹಾಗೆಂದೇ ಹೇಳಿ ಸಮಾಧಾನಪಡಿಸಿಯಾರು. ಆದರೆ ಅದು ಗುರುಗಳು ಹೇಳಬೇಕಾದ ಮಾತು. ಹೋಟೆಲಿನವರು ಹೇಳಬೇಕಾದ ಮಾತಲ್ಲ. ನಿಯಮ ಕನಿಷ್ಠ ಪ್ರಮಾಣವನ್ನು ಗೊತ್ತುಮಾಡುತ್ತದೆ. ಭಕ್ತಿ ಅದನ್ನು ದಾಟಿ ಮುಂದೆ ಹೋಗುತ್ತದೆ. ಅಜ್ಜಿ ದೇವರಿಗೆ ಕೊಟ್ಟ ಮಾತು ಅವರದು. ಅದರ ಗಡಿಯನ್ನು ಅಳೆಯುವ ಅಧಿಕಾರ ಅಡುಗೆಮನೆಗೆ ಇಲ್ಲ.

ಪವಿತ್ರ ಗ್ರಂಥದ ಪಾಠ

ಪವಿತ್ರ ಗ್ರಂಥದಲ್ಲಿ ಈ ವಿಷಯಕ್ಕೆ ಬಹಳ ಹತ್ತಿರವಾದ ಒಂದು ಪ್ರಸಂಗವಿದೆ. ದಾನಿಯೇಲ ಮತ್ತು ಆತನ ಮೂವರು ಸಂಗಡಿಗರನ್ನು ಸೆರೆಯಾಳುಗಳಾಗಿ ಬಾಬಿಲೋನಿಗೆ ಒಯ್ದು ಅರಮನೆಯಲ್ಲಿ ಇರಿಸಿದಾಗ, ಅರಸನ ಭೋಜನದಿಂದಲೂ ದ್ರಾಕ್ಷಾರಸದಿಂದಲೂ ತಮ್ಮನ್ನು ಅಶುದ್ಧಗೊಳಿಸಿಕೊಳ್ಳಬಾರದೆಂದು ಆತ ನಿಶ್ಚಯಿಸಿದ. ಮೇಲ್ವಿಚಾರಕನನ್ನು ಕಂಡು, ತಮಗೆ ಕಾಯಿಪಲ್ಲೆ ಮತ್ತು ನೀರನ್ನು ಮಾತ್ರ ಕೊಡಬೇಕೆಂದು, ಹತ್ತು ದಿನ ಪರೀಕ್ಷಿಸಿ ನೋಡಬೇಕೆಂದು ವಿನಂತಿಸಿದ. ನಾವು ಸಾಮಾನ್ಯವಾಗಿ ದಾನಿಯೇಲನ ದೃಢತೆಯನ್ನಷ್ಟೇ ಕೊಂಡಾಡುತ್ತೇವೆ. ಆದರೆ ಆ ಮೇಲ್ವಿಚಾರಕನನ್ನೂ ಸ್ವಲ್ಪ ನೆನೆಯಬೇಕು. ಆತ ಯೆಹೂದ್ಯನಲ್ಲ; ದಾನಿಯೇಲನ ಧರ್ಮದಲ್ಲಿ ಆತನಿಗೆ ನಂಬಿಕೆಯೂ ಇರಲಿಲ್ಲ; ಅರಸನ ಕೋಪದ ಭಯ ಬೇರೆ ಇತ್ತು. ಆದರೂ ಆ ಹುಡುಗನ ಮಾತಿಗೆ ಕಿವಿಗೊಟ್ಟ, ಕೇಳಿದ್ದನ್ನೇ ಕೊಟ್ಟ, ಕದ್ದುಮುಚ್ಚಿ ಬೇರೆಯದನ್ನು ಬೆರೆಸಲಿಲ್ಲ. ಉಣಬಡಿಸುವ ವೃತ್ತಿಯವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಎರಡನೆಯ ಮಕ್ಕಾಬಿಯರ ಗ್ರಂಥದ ವೃದ್ಧ ಧರ್ಮಪಂಡಿತ ಎಲೆಯಾಜರನ ಕಥೆ ಇದಕ್ಕೆ ತದ್ವಿರುದ್ಧವಾದುದು. ಹಂದಿಯ ಮಾಂಸ ತಿನ್ನಬೇಕೆಂದು ಆತನನ್ನು ಬಲಾತ್ಕರಿಸಲಾಯಿತು. ಹಳೆಯ ಪರಿಚಯದವರು ಗುಟ್ಟಾಗಿ ಬಂದು, ನಿನಗೆ ಸಲ್ಲುವ ಮಾಂಸವನ್ನೇ ತಂದು ತಿಂದು ಹಂದಿಮಾಂಸ ತಿಂದವನಂತೆ ನಟಿಸು ಎಂದು ಉಪಾಯ ಹೇಳಿಕೊಟ್ಟರು. ನಟನೆಗೆ ಒಪ್ಪದೆ ಆತ ಪ್ರಾಣವನ್ನೇ ಕೊಟ್ಟ. ಒಂದು ತುತ್ತಿನ ಹಿಂದೆ ಎಷ್ಟು ದೊಡ್ಡ ನಿಷ್ಠೆ ಇರಬಹುದೆಂಬುದನ್ನು ಈ ಕಥೆ ತೋರಿಸುತ್ತದೆ.

ಹೊಸ ಒಡಂಬಡಿಕೆಯಲ್ಲಿ ಆಹಾರದ ಶುದ್ಧಾಶುದ್ಧಗಳ ಗೋಡೆ ಬಿದ್ದುದು ನಿಜ. ಆದರೆ ಗೋಡೆ ಬಿದ್ದ ಮೇಲೂ ಆದಿ ಧರ್ಮಸಭೆ ಎದುರಿಗಿರುವವನ ಮನಸ್ಸನ್ನು ತುಳಿಯಲಿಲ್ಲ. ಕ್ರಿ.ಶ. 50ರ ಸುಮಾರಿಗೆ ಜೆರುಸಲೇಮಿನಲ್ಲಿ ಸೇರಿದ ಪ್ರೇಷಿತರ ಸಭೆ, ಅನ್ಯಜನಾಂಗಗಳಿಂದ ಬಂದ ಕ್ರೈಸ್ತರ ಮೇಲೆ ಮೋಶೆಯ ಧರ್ಮಶಾಸ್ತ್ರದ ಹೊರೆಯನ್ನು ಹೊರಿಸಬಾರದೆಂದು ತೀರ್ಮಾನಿಸಿತು. ಜೊತೆಗೇ ವಿಗ್ರಹಗಳಿಗೆ ಅರ್ಪಿಸಿದ ಮಾಂಸ, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ ಇವುಗಳನ್ನು ವರ್ಜಿಸಬೇಕೆಂದೂ ಕೇಳಿಕೊಂಡಿತು. ಎರಡು ಪಂಗಡಗಳವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕಾದರೆ ಅಷ್ಟು ಸಂಯಮ ಅಗತ್ಯವಾಗಿತ್ತು. ಸಂತ ಪೌಲರಂತೂ ಕೊರಿಂಥದವರಿಗೆ ಬರೆಯುತ್ತಾ, ತಾನು ತಿನ್ನುವ ಮಾಂಸ ಸೋದರನ ಮನಸ್ಸಾಕ್ಷಿಗೆ ಎಡವುಗಲ್ಲಾಗುವುದಾದರೆ ಅದನ್ನು ಎಂದೆಂದಿಗೂ ತಿನ್ನದಿರಲು ಸಿದ್ಧನೆಂದು ತಿಳಿಸಿದರು. ತನಗೆ ಸ್ವಾತಂತ್ರ್ಯವಿದ್ದರೂ ಇನ್ನೊಬ್ಬನ ಅಂತಃಕರಣಕ್ಕಾಗಿ ಅದನ್ನು ಬಿಟ್ಟುಕೊಡುವುದು ಕ್ರೈಸ್ತನ ದೊಡ್ಡತನ.

ಒಂದೇ ಸಂಸ್ಥೆ, ಎರಡು ಪಾಠ

ವ್ಯಾಪಾರದ ಜಗತ್ತಿನಲ್ಲಿ ಇದೆಲ್ಲ ನಡೆಯುವ ಮಾತೇ ಎಂದು ಕೇಳುವವರಿದ್ದಾರೆ. ಅಂಥವರಿಗಾಗಿ ಅಮೆರಿಕದ ಒಂದೇ ಹೋಟೆಲು ಸಂಸ್ಥೆಯ ಎರಡು ಪ್ರಸಂಗಗಳನ್ನು ಹೇಳಬಹುದು.

1962ರಲ್ಲಿ ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ಮ್ಯಾಕ್‌ಡೊನಾಲ್ಡ್ಸ್ ಸಂಸ್ಥೆಯ ಮಳಿಗೆಯೊಂದನ್ನು ನಡೆಸುತ್ತಿದ್ದವರು ಲೂ ಗ್ರೋಯೆನ್. ಆ ಬಡಾವಣೆಯಲ್ಲಿದ್ದವರು ಬಹುಪಾಲು ಕಥೋಲಿಕರು. ಆಗ ಶುಕ್ರವಾರದ ಮಾಂಸವರ್ಜನೆ ಅಲ್ಲಿ ಬಲು ಕಟ್ಟುನಿಟ್ಟಾಗಿತ್ತು. ಗೋಮಾಂಸದ ಹ್ಯಾಂಬರ್ಗರನ್ನೇ ನಂಬಿದ್ದ ಮಳಿಗೆ ಶುಕ್ರವಾರ ಬಂತೆಂದರೆ ಬಣಗುಟ್ಟುತ್ತಿತ್ತು. ಗ್ರೋಯೆನ್ ತಮ್ಮ ಗಿರಾಕಿಗಳನ್ನು ದೂರಲಿಲ್ಲ. ಅವರಿಗಾಗಿ ಮೀನಿನ ಸ್ಯಾಂಡ್‌ವಿಚ್ಚೊಂದನ್ನು ಸಿದ್ಧಪಡಿಸಿದರು. ಸಂಸ್ಥೆಯ ಮುಖ್ಯಸ್ಥ ರೇ ಕ್ರಾಕ್ ಅವರಿಗೆ ಅದು ಹಿಡಿಸಲಿಲ್ಲ. ಅವರು ಅನಾನಸಿನ ಬಿಲ್ಲೆಯನ್ನಿಟ್ಟ ತಮ್ಮದೇ ಒಂದು ತಿನಿಸನ್ನು ಮುಂದಿಟ್ಟರು. ಒಂದು ಶುಕ್ರವಾರ ಎರಡನ್ನೂ ಮಾರಾಟಕ್ಕಿಟ್ಟು ಪಂದ್ಯ ಹೂಡಲಾಯಿತು. ಮುಂದೆ ಗ್ರೋಯೆನ್ ಹೇಳಿಕೊಂಡಂತೆ, ಮೀನಿನದು 350 ಮಾರಾಟವಾದರೆ ಅನಾನಸಿನದು ಬರೀ 6. ಕೆಲವೇ ವರ್ಷಗಳಲ್ಲಿ ಆ ಮೀನಿನ ತಿನಿಸು ದೇಶದ ಎಲ್ಲ ಮಳಿಗೆಗಳಿಗೂ ಬಂದಿತು. ಗಿರಾಕಿಯ ವ್ರತವನ್ನು ಗೌರವಿಸಿದರೆ ನಷ್ಟವಾಗುತ್ತದೆ ಎಂಬ ವಾದಕ್ಕೆ ಇದು ಸಾಕಷ್ಟು ಉತ್ತರ.

ಎರಡನೆಯ ಪ್ರಸಂಗ ಅದೇ ಸಂಸ್ಥೆಯದು. 1990ರಲ್ಲಿ ಅದು ತನ್ನ ಆಲೂಗಡ್ಡೆಯ ಕರಿದ ತಿಂಡಿಗೆ ಗೋವಿನ ಕೊಬ್ಬನ್ನು ಬಿಟ್ಟು ಸಸ್ಯಜನ್ಯ ಎಣ್ಣೆಯನ್ನೇ ಬಳಸುವುದಾಗಿ ಪ್ರಕಟಿಸಿತು. ಅಲ್ಲಿ ನೆಲೆಸಿದ್ದ ಹಿಂದೂಗಳೂ ಇತರ ಸಸ್ಯಾಹಾರಿಗಳೂ ನಂಬಿ ತಿಂದರು. ಆದರೆ ಕಾರ್ಖಾನೆಯಲ್ಲಿ ಆಲೂಗಡ್ಡೆಯನ್ನು ಸಂಸ್ಕರಿಸುವಾಗ ಗೋಮಾಂಸದಿಂದ ತೆಗೆದ ರುಚಿಕಾರಕ ಅಂಶವನ್ನು ಸೇರಿಸಲಾಗುತ್ತಿದ್ದುದು ಆಮೇಲೆ ಬಯಲಾಯಿತು. ಪದಾರ್ಥಗಳ ವಿವರದಲ್ಲಿ ಅದಕ್ಕೆ ಇದ್ದ ಹೆಸರು ನೈಸರ್ಗಿಕ ರುಚಿ ಎಂಬುದಷ್ಟೆ. 2001ರಲ್ಲಿ ಸಿಯಾಟಲ್ ನಗರದಲ್ಲಿ ಮೊಕದ್ದಮೆ ಹೂಡಲಾಯಿತು. ಸಂಸ್ಥೆ ಕ್ಷಮೆ ಕೇಳಿತು. 2002ರಲ್ಲಿ ಒಂದು ಕೋಟಿ ಡಾಲರುಗಳನ್ನು ಸಸ್ಯಾಹಾರಿಗಳ ಸಂಘಗಳಿಗೂ ಹಿಂದೂ ಮತ್ತಿತರ ಸಂಸ್ಥೆಗಳಿಗೂ ಕೊಡಲು ಒಪ್ಪಿಕೊಂಡಿತು. ಭಾರತದ ಮಳಿಗೆಗಳಲ್ಲಿ ಗೋಮಾಂಸದ ಅಂಶವಿಲ್ಲವೆಂದು ಅದು ಸಾರಿ ಹೇಳಿದರೂ, 2001ರ ಮೇ ತಿಂಗಳಲ್ಲಿ ಮುಂಬಯಿ ಪರಿಸರದಲ್ಲಿ ಅದರ ಮಳಿಗೆಯ ಮೇಲೆ ದಾಳಿ ನಡೆಯಿತು. ದಾಳಿಯನ್ನು ಯಾರೂ ಸಮರ್ಥಿಸಲಾರರು. ಆದರೆ ಒಂದು ಕಡೆ ಮುಚ್ಚಿಟ್ಟ ಸತ್ಯ ಎಷ್ಟು ದೂರದವರೆಗೆ ವಿಶ್ವಾಸವನ್ನು ಕೆಡಿಸುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಶುಕ್ರವಾರದ ಕಥೋಲಿಕನನ್ನು ಅರ್ಥಮಾಡಿಕೊಂಡ ಅದೇ ಸಂಸ್ಥೆ, ಸಸ್ಯಾಹಾರಿ ಹಿಂದೂವಿನ ವಿಷಯದಲ್ಲಿ ಎಡವಿತು. ಮೊದಲಿನದರಲ್ಲಿ ಗಿರಾಕಿಯನ್ನು ಬಲ್ಲ ಒಬ್ಬ ಮನುಷ್ಯನಿದ್ದ. ಎರಡನೆಯದರಲ್ಲಿ ಚೀಟಿಯ ಮೇಲಿನ ಎರಡು ಶಬ್ದಗಳಿದ್ದವು.

ಕಾನೂನು ಎಲ್ಲಿಯವರೆಗೆ

ನಮ್ಮ ದೇಶದಲ್ಲಿ ಈ ಬಗ್ಗೆ ಕಾನೂನು ಇಲ್ಲದಿಲ್ಲ. 2000 ಮತ್ತು 2001ರಲ್ಲಿ ಅಂದಿನ ಆಹಾರ ಕಲಬೆರಕೆ ತಡೆ ನಿಯಮಗಳಿಗೆ ತಂದ ತಿದ್ದುಪಡಿಗಳಿಂದ ಪೊಟ್ಟಣದ ಆಹಾರದ ಮೇಲೆ ಸಸ್ಯಾಹಾರಕ್ಕೆ ಹಸಿರು, ಮಾಂಸಾಹಾರಕ್ಕೆ ಕಂದು ಬಣ್ಣದ ಗುರುತು ಕಡ್ಡಾಯವಾಯಿತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದ ಮೇಲೂ ಅದು ಮುಂದುವರಿಯಿತು. 2020ರ ಹೊಸ ನಿಯಮಾವಳಿಯಲ್ಲಿ ಕಂದು ಗುರುತನ್ನು ತ್ರಿಕೋನಾಕೃತಿಗೆ ಬದಲಿಸಲಾಯಿತು. ಬಣ್ಣಗಳನ್ನು ಗುರುತಿಸಲಾಗದವರಿಗೂ ವ್ಯತ್ಯಾಸ ತಿಳಿಯಲೆಂಬ ಕಾಳಜಿ ಅದರಲ್ಲಿದೆ. ಕೇಂದ್ರ ಪರವಾನಗಿ ಹೊಂದಿದ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲುಗಳು ತಿನಿಸಿನ ಪಟ್ಟಿಯಲ್ಲಿ ಶಾಖಾಂಶವನ್ನೂ, ಒಗ್ಗದಿಕೆಯುಂಟುಮಾಡುವ ಪದಾರ್ಥಗಳ ಮಾಹಿತಿಯನ್ನೂ, ಸಸ್ಯಾಹಾರ ಮಾಂಸಾಹಾರಗಳ ಗುರುತನ್ನೂ ಕೊಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. 2021ರ ಡಿಸೆಂಬರಿನಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯವು, ತಾನು ಏನನ್ನು ಸೇವಿಸುತ್ತಿದ್ದೇನೆ ಎಂಬುದನ್ನು ತಿಳಿಯುವ ಹಕ್ಕು ಪ್ರತಿಯೊಬ್ಬನಿಗೂ ಇದೆಯೆಂದು ಹೇಳಿ, ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನು, ಅದರ ಪ್ರಮಾಣ ಎಷ್ಟೇ ಅಲ್ಪವಿದ್ದರೂ, ಬಹಿರಂಗಪಡಿಸಬೇಕೆಂದಿತು. ಇದನ್ನು ಸಂವಿಧಾನದ 21 ಮತ್ತು 25ನೆಯ ವಿಧಿಗಳಿಗೆ, ಅಂದರೆ ಜೀವನದ ಹಕ್ಕು ಮತ್ತು ಧರ್ಮಸ್ವಾತಂತ್ರ್ಯದ ಹಕ್ಕುಗಳಿಗೆ, ಅದು ಜೋಡಿಸಿದ್ದು ಗಮನಾರ್ಹ.

ಆದರೆ ಹಸಿರು ಮತ್ತು ಕಂದು, ಈ ಎರಡೇ ಬಣ್ಣಗಳಿಂದ ಎಲ್ಲರ ಅಗತ್ಯವೂ ಪೂರೈಸುವುದಿಲ್ಲ. ನಿಯಮದ ಪ್ರಕಾರ ಮೀನು ಮತ್ತು ಮೊಟ್ಟೆ ಕಂದು ಗುರುತಿಗೆ ಸೇರುತ್ತವೆ. ಶುಕ್ರವಾರದ ಕಥೋಲಿಕನಿಗೆ ಅವೆರಡೂ ಸಲ್ಲುತ್ತವೆ, ಕೋಳಿ ಸಲ್ಲದು. ಮುಸಲ್ಮಾನ ಬಂಧುವಿಗೆ ಕುರಿಯ ಮಾಂಸ ಸಲ್ಲುತ್ತದೆ, ಆದರೆ ಅದು ಹಲಾಲ್ ಆಗಿರಬೇಕು. ಹಂದಿಯ ಮಾಂಸವೂ ಮದ್ಯವೂ ಸಲ್ಲವು. ಜೈನ ಬಂಧುವಿಗೆ ಹಸಿರು ಗುರುತಿನ ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿಗಳೂ ನಿಷಿದ್ಧ. ಏಕಾದಶಿಯಂದು ಅನ್ನವನ್ನೇ ಬಿಡುವವರಿದ್ದಾರೆ. ಮಧುಮೇಹದವರ ಪಥ್ಯ ಬೇರೆ. ನೆಲಗಡಲೆಯೋ ಸಿಗಡಿಯೋ ಒಗ್ಗದವರಿಗಂತೂ ಅದು ಪ್ರಾಣದ ಪ್ರಶ್ನೆ. ಬಣ್ಣದ ಗುರುತು ಮುಗಿದ ಜಾಗದಿಂದಲೇ ಹೋಟೆಲಿನವರ ಪ್ರಾಮಾಣಿಕತೆಯ ಪರೀಕ್ಷೆ ಆರಂಭವಾಗುತ್ತದೆ.

ಇಂಥ ಪಥ್ಯದ ಅಗತ್ಯವನ್ನು ಧರ್ಮಸಭೆ ತನ್ನ ಪವಿತ್ರ ಪೀಠದಲ್ಲಿಯೂ ಎದುರಿಸಿದೆ. ಗೋಧಿಯ ಗ್ಲುಟೆನ್ ಅಂಶ ಒಗ್ಗದ ರೋಗಿಗಳು ಪರಮಪ್ರಸಾದವನ್ನು ಸ್ವೀಕರಿಸುವುದು ಹೇಗೆ ಎಂಬ ಪ್ರಶ್ನೆಗೆ 2003ರಲ್ಲಿಯೂ ಮತ್ತೆ 2017ರಲ್ಲಿಯೂ ರೋಮಿನಿಂದ ಸೂಚನೆಗಳು ಬಂದವು. ಗ್ಲುಟೆನ್ ಸ್ವಲ್ಪವೂ ಇಲ್ಲದ ರೊಟ್ಟಿ ಸಂಸ್ಕಾರಕ್ಕೆ ಸಲ್ಲದು. ಆದರೆ ಅದು ಅತ್ಯಲ್ಪವಾಗಿರುವ ಗೋಧಿಯ ರೊಟ್ಟಿ ಸಲ್ಲುತ್ತದೆ ಎಂದು ಅವು ತಿಳಿಸಿದವು. ಸಂಸ್ಕಾರದ ಸತ್ಯವನ್ನು ಬಿಡದೆ, ರೋಗಿಯನ್ನೂ ಪಂಕ್ತಿಯಿಂದ ಎಬ್ಬಿಸದೆ ದಾರಿ ಕಂಡುಕೊಂಡ ಬಗೆ ಇದು. ದಾರಿ ಹುಡುಕಬೇಕೆಂಬ ಮನಸ್ಸಿದ್ದರೆ ಹೋಟೆಲಿನ ಅಡುಗೆಮನೆಯಲ್ಲಿ ಅದು ಸಿಗದೆ ಹೋಗುವುದಿಲ್ಲ.

ಅಡುಗೆಮನೆಯ ಒಳಗೆ

ವಂಚಿಸಬೇಕೆಂದೇ ವಂಚಿಸುವ ಹೋಟೆಲುಗಳು ಕಡಿಮೆ. ಹೆಚ್ಚಿನ ತಪ್ಪುಗಳು ಅವಸರದಿಂದ ಮತ್ತು ಅರಿವಿನ ಕೊರತೆಯಿಂದ ಆಗುವಂಥವು. ಮೀನು ಕರಿದ ಎಣ್ಣೆಯಲ್ಲೇ ಹೂಕೋಸನ್ನು ಕರಿಯಲಾಗುತ್ತದೆ. ಕೋಳಿಯ ಅನ್ನಕ್ಕೆ ಹಾಕಿದ ಸೌಟು ತರಕಾರಿಯ ಅನ್ನಕ್ಕೂ ಬರುತ್ತದೆ. ಎಲ್ಲ ಸೂಪುಗಳಿಗೂ ಒಂದೇ ಹಂಡೆಯ ರಸ. ಚೀನೀ ಮತ್ತು ಥಾಯ್ ಬಗೆಯ ಅಡುಗೆಗಳಲ್ಲಿ ಬಳಸುವ ಕೆಲವು ಸಾಸುಗಳಲ್ಲಿ ಮೀನು, ಸಿಂಪಿ ಅಥವಾ ಸಿಗಡಿಯ ಅಂಶ ಇರುತ್ತದೆ. ಪುಡ್ಡಿಂಗುಗಳಿಗೆ ಹಾಕುವ ಜೆಲಟಿನ್ ಪ್ರಾಣಿಗಳ ಎಲುಬು ಮತ್ತು ಚರ್ಮದಿಂದ ಬರುವುದು. ನಾನ್ ರೊಟ್ಟಿಯ ಹಿಟ್ಟಿಗೆ ಕೆಲವೆಡೆ ಮೊಟ್ಟೆ ಬೀಳುತ್ತದೆ. ಹಬ್ಬದ ಕೇಕಿನ ಹಣ್ಣುಗಳು ರಮ್ಮಿನಲ್ಲಿ ನೆನೆದಿರುತ್ತವೆ. ಇವುಗಳಲ್ಲಿ ಯಾವುದೂ ಅಪರಾಧವಲ್ಲ. ಕೇಳಿದಾಗ ‘ಇಲ್ಲ’ ಎಂದು ಹೇಳಿಬಿಡುವುದೇ ಅಪರಾಧ.

ಪ್ರತಿಯೊಬ್ಬರ ವ್ರತಕ್ಕೂ ಪ್ರತ್ಯೇಕ ಅಡುಗೆ ಮಾಡಲು ಸಾಧ್ಯವೇ, ಸಣ್ಣ ಹೋಟೆಲಿನವನು ಬದುಕುವುದು ಹೇಗೆ ಎಂದು ಮಾಲೀಕರು ಕೇಳಬಹುದು. ಈ ಆಕ್ಷೇಪ ನ್ಯಾಯವಾದುದೇ. ನಾಲ್ಕು ಮೇಜುಗಳ ಹೋಟೆಲಿನವನು ಹಲಾಲ್, ಜೈನ, ವ್ರತದೂಟ ಎಂದು ನಾಲ್ಕು ಒಲೆ ಹೂಡಬೇಕೆಂದು ಯಾರೂ ಒತ್ತಾಯಿಸಲಾಗದು. ಎಲ್ಲವನ್ನೂ ಅಟ್ಟು ಬಡಿಸುವ ಹೊಣೆ ಆತನದಲ್ಲ. ಆದರೆ ಅಟ್ಟದ್ದು ಏನು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವ ಹೊಣೆ ಆತನದೇ. ‘ನಮ್ಮಲ್ಲಿ ಇಂದು ನಿಮಗೆ ಸಲ್ಲುವ ಸೂಪು ಇಲ್ಲ, ಸಾರು ಅನ್ನ ಕೊಡಬಲ್ಲೆ’ ಎಂದು ಹೇಳಲು ಹೆಚ್ಚಿನ ಬಂಡವಾಳ ಬೇಕಾಗಿಲ್ಲ. ಒಪ್ಪಿ ವಚನ ಕೊಟ್ಟ ಮೇಲೆ ಮಾತ್ರ ಸೌಟು, ಬಾಣಲೆ, ಎಣ್ಣೆಗಳನ್ನು ಬೇರೆಯಾಗಿಡಲೇಬೇಕು. ಸುಳ್ಳು ಸಾಕ್ಷ್ಯವನ್ನು ಹೇಳಬಾರದೆಂಬ ದೇವರ ಆಜ್ಞೆ ನ್ಯಾಯಾಲಯದ ಕಟಕಟೆಗೆ ಮಾತ್ರ ಮೀಸಲಾದುದಲ್ಲ. ಹೋಟೆಲಿನ ತಿನಿಸಿನ ಪಟ್ಟಿಯೂ ಒಂದು ಸಾಕ್ಷ್ಯವೇ.

ತಟ್ಟೆಯನ್ನು ಕೇಳಿ, ಕೈಯನ್ನಲ್ಲ

ಈ ವಿಷಯದಲ್ಲಿ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯುವುದು ಅತ್ಯವಶ್ಯ. ಅನ್ನದಲ್ಲಿ ಏನಿದೆ ಎಂದು ಕೇಳುವುದು ಗಿರಾಕಿಯ ಹಕ್ಕು. ಅದನ್ನು ಅಟ್ಟವನು ಯಾವ ಜಾತಿಯವನು, ಯಾವ ಧರ್ಮದವನು ಎಂದು ಕೇಳುವುದು ಹಕ್ಕಲ್ಲ. ಪಂಕ್ತಿಭೇದದ ಕಹಿ ನೆನಪು ನಮ್ಮ ನಾಡಿನಲ್ಲಿ ಇನ್ನೂ ಅಳಿದಿಲ್ಲ. ಅದನ್ನು ಕಂಡೇ ಸಂವಿಧಾನದ 15ನೆಯ ವಿಧಿ ಅಂಗಡಿಗಳಿಗೂ ಸಾರ್ವಜನಿಕ ಹೋಟೆಲುಗಳಿಗೂ ಎಲ್ಲರಿಗೂ ಸಮಾನ ಪ್ರವೇಶವನ್ನು ಖಾತರಿಪಡಿಸಿದೆ. 2024ರ ಜುಲೈ ತಿಂಗಳಲ್ಲಿ ಉತ್ತರಪ್ರದೇಶ ಮತ್ತು ಉತ್ತರಾಖಂಡಗಳಲ್ಲಿ ಕಾಂವಡ ಯಾತ್ರೆಯ ದಾರಿಯ ಹೋಟೆಲುಗಳವರು ಮಾಲೀಕರ ಹೆಸರುಗಳನ್ನು ಪ್ರದರ್ಶಿಸಬೇಕೆಂಬ ಆದೇಶಗಳು ಹೊರಟಾಗ, ಸರ್ವೋಚ್ಚ ನ್ಯಾಯಾಲಯ ಜುಲೈ 22ರಂದು ಅವಕ್ಕೆ ಮಧ್ಯಂತರ ತಡೆ ನೀಡಿತು. ಯಾವ ಬಗೆಯ ಆಹಾರವನ್ನು ಕೊಡಲಾಗುತ್ತದೆ ಎಂಬುದನ್ನು ಪ್ರದರ್ಶಿಸಲು ಹೇಳಬಹುದು, ಆದರೆ ಮಾಲೀಕರ ಮತ್ತು ನೌಕರರ ಹೆಸರನ್ನು ಪ್ರದರ್ಶಿಸುವಂತೆ ಬಲವಂತ ಮಾಡಬಾರದು ಎಂಬುದು ಆ ಆದೇಶದ ತಿರುಳು. ಯಾತ್ರಿಕನ ವ್ರತಕ್ಕೂ, ಹೊಟ್ಟೆಪಾಡಿಗಾಗಿ ಒಲೆಯ ಮುಂದೆ ಬೆವರು ಸುರಿಸುವವನ ಗೌರವಕ್ಕೂ ಒಟ್ಟಿಗೆ ಸ್ಥಾನ ಕೊಟ್ಟ ಮಾತು ಇದು. ಅಲ್ಪಸಂಖ್ಯಾತರಾದ ನಾವು ಈ ಗೆರೆಯನ್ನು ಮರೆಯುವಂತಿಲ್ಲ. ವ್ರತದ ಹೆಸರಿನಲ್ಲಿ ಮನುಷ್ಯನನ್ನು ದೂರವಿಡುವುದು ವ್ರತವೇ ಅಲ್ಲ. ಸುಂಕದವರೊಡನೆಯೂ ಪಾಪಿಗಳೊಡನೆಯೂ ಪಂಕ್ತಿಯಲ್ಲಿ ಕುಳಿತ ಯೇಸುಸ್ವಾಮಿಯ ಶಿಷ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಯ ಮಾತು

ಇಷ್ಟೆಲ್ಲ ಹೇಳಿದ ಮೇಲೆ ನಮ್ಮತ್ತಲೂ ಸ್ವಲ್ಪ ನೋಡಿಕೊಳ್ಳೋಣ. ನಮ್ಮ ಸಮುದಾಯದ ಅನೇಕರು ಹೋಟೆಲು, ಬೇಕರಿ, ಅಡುಗೆ ಗುತ್ತಿಗೆಗಳನ್ನು ನಡೆಸುತ್ತಿದ್ದಾರೆ. ಕೊಲ್ಲಿ ದೇಶಗಳಲ್ಲಿಯೂ ಹಡಗುಗಳಲ್ಲಿಯೂ ಅಡುಗೆಯವರಾಗಿ, ವ್ಯವಸ್ಥಾಪಕರಾಗಿ ದುಡಿಯುತ್ತಿರುವವರು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯಿಲ್ಲ. ಆದ್ದರಿಂದ ಉಣ್ಣುವವರ ಸಾಲಿನಲ್ಲಿ ಮಾತ್ರವಲ್ಲ, ಉಣಬಡಿಸುವವರ ಸಾಲಿನಲ್ಲಿಯೂ ನಾವಿದ್ದೇವೆ.

ನಮ್ಮ ಮದುವೆಯ ಔತಣಕೂಟಗಳನ್ನು ನೆನೆಸಿಕೊಳ್ಳಿ. ಹಂದಿಯ ಮಾಂಸದ ಪಾತ್ರೆಯೂ ಕೋಳಿಯ ಪಾತ್ರೆಯೂ ಒತ್ತೊತ್ತಾಗಿ ಇರುತ್ತವೆ. ಜನಜಂಗುಳಿಯಲ್ಲಿ ಒಂದರ ಸೌಟು ಇನ್ನೊಂದಕ್ಕೆ ಇಳಿಯುತ್ತದೆ. ಪಕ್ಕದ ಮನೆಯ ಮುಸಲ್ಮಾನ ಮಿತ್ರ ತಟ್ಟೆ ಹಿಡಿದು ನಿಂತು, ಯಾರನ್ನು ಕೇಳುವುದೆಂದು ತಿಳಿಯದೆ, ಐಸ್‌ಕ್ರೀಮನ್ನಷ್ಟೇ ತಿಂದು, ಉಡುಗೊರೆ ಕೊಟ್ಟು ಹೊರಟುಹೋಗುತ್ತಾನೆ. ಸಸ್ಯಾಹಾರಿಗಳ ಮೇಜು ಸಭಾಂಗಣದ ಯಾವುದೋ ಮೂಲೆಯಲ್ಲಿ, ಫಲಕವಿಲ್ಲದೆ, ಮುಕ್ಕಾಲು ಗಂಟೆಯಲ್ಲಿ ಬರಿದಾಗಿರುತ್ತದೆ. ಕರೆದವರು ನಾವು; ಬಂದವರು ನಮ್ಮ ಪ್ರೀತಿಗೆ ಓಗೊಟ್ಟು ಬಂದವರು. ಅವರು ಹಸಿದು ಹಿಂತಿರುಗಿದರೆ ಆ ಹೋಟೆಲಿನ ಮಾಣಿಗಿಂತ ನಾವು ಹೇಗೆ ಮೇಲಾದೆವು? ಆತನಾದರೂ ಹಣ ಕಳೆಯುವ ಮಾತಾಡಿದ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಹಂದಿಮಾಂಸದ ಪಾತ್ರೆಯನ್ನು ಪ್ರತ್ಯೇಕ ಮೇಜಿನಲ್ಲಿಟ್ಟು ಅದಕ್ಕೆ ಬೇರೆಯೇ ಬಡಿಸುವವನನ್ನು ನೇಮಿಸಬಹುದು. ಪ್ರತಿಯೊಂದು ಪಾತ್ರೆಯ ಮುಂದೆ ಕನ್ನಡದಲ್ಲಿ ದೊಡ್ಡ ಅಕ್ಷರಗಳ ಚೀಟಿ ಇಡಬಹುದು. ಸಸ್ಯಾಹಾರದ ಅಡುಗೆಯನ್ನು ಬೇರೆ ಒಲೆಯಲ್ಲಿ, ಸಾಧ್ಯವಾದರೆ ಬೇರೆ ಗುತ್ತಿಗೆದಾರರಿಂದ ಮಾಡಿಸಬಹುದು. ಕೇಕಿನಲ್ಲಿ ಮೊಟ್ಟೆ ಅಥವಾ ಮದ್ಯ ಇದ್ದರೆ ತುಂಡನ್ನು ಹಂಚುವ ಮಕ್ಕಳಿಗೆ ಅದನ್ನು ಮೊದಲೇ ತಿಳಿಸಿರಬಹುದು. ಕ್ರಿಸ್ಮಸ್ ಹಬ್ಬದ ಕುಸ್ವಾರ್ ತಟ್ಟೆಯನ್ನು ನೆರೆಮನೆಗೆ ಕಳುಹಿಸುವಾಗ ನಮ್ಮ ಹಿರಿಯ ಹೆಂಗಸರು ಯಾರ ಮನೆಗೆ ಯಾವುದು ಸಲ್ಲುತ್ತದೆಂದು ಆಲೋಚಿಸಿಯೇ ತುಂಬಿಸುತ್ತಿದ್ದರು. ಆ ವಿವೇಕವನ್ನು ಬಾಡಿಗೆ ಸಭಾಂಗಣಗಳಿಗೂ ಕೊಂಡೊಯ್ಯಬೇಕಾಗಿದೆ.

ನಾವು ಮಾಡಬಹುದಾದದ್ದು

ಹೋಟೆಲಿನ ಮಾಲೀಕರಲ್ಲಿ ನಮ್ಮ ವಿನಂತಿ ಇಷ್ಟೆ. ಬಡಿಸುವ ಹುಡುಗರಿಗೆ ಪ್ರತಿಯೊಂದು ತಿನಿಸಿನಲ್ಲಿ ಏನಿದೆ ಎಂಬುದನ್ನು ಕಲಿಸಿಕೊಡಿ. ಗೊತ್ತಿಲ್ಲದಿದ್ದರೆ ‘ಕೇಳಿ ಬಂದು ಹೇಳುತ್ತೇನೆ’ ಎಂದು ಹೇಳಲು ಅವರಿಗೆ ಧೈರ್ಯ ಕೊಡಿ. ತಪ್ಪು ಆದಾಗ ಹುಡುಗನ ಸಂಬಳ ಕಡಿಯುವ ಬದಲು ಅಡುಗೆಮನೆಯ ವ್ಯವಸ್ಥೆಯನ್ನು ತಿದ್ದಿ.

ಗ್ರಾಹಕರಾದ ನಮಗೂ ಕರ್ತವ್ಯಗಳಿವೆ. ತಿನಿಸು ತರಿಸುವ ಮೊದಲೇ, ಸಂಕೋಚವಿಲ್ಲದೆ, ನಮ್ಮ ವ್ರತವನ್ನು ತಿಳಿಸಬೇಕು. ತಟ್ಟೆ ಬಂದ ಮೇಲೆ ಕೂಗಾಡುವುದರಿಂದ ಪ್ರಯೋಜನವಿಲ್ಲ. ‘ಮಾಂಸ ಬೇಡ’ ಎಂದಷ್ಟೇ ಹೇಳದೆ, ರಸವೂ ಬೇಡವೇ, ಮೀನು ಆಗಬಹುದೇ ಎಂಬುದನ್ನು ಬಿಡಿಸಿ ಹೇಳಬೇಕು. ತಪ್ಪಾದರೆ ಸೌಮ್ಯವಾಗಿ ಎತ್ತಿ ತೋರಿಸಬೇಕು. ಗೊತ್ತಿದ್ದೂ ಮತ್ತೆ ಮತ್ತೆ ವಂಚಿಸುವ ಕಡೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಲಿಖಿತ ದೂರು ಕೊಡಲು, ಬಿಲ್ಲನ್ನು ಕಾದಿಟ್ಟು ಗ್ರಾಹಕರ ಆಯೋಗದ ಮೊರೆಹೋಗಲು ಹಿಂಜರಿಯಬಾರದು. ಪೆಟ್ಟು, ಗದ್ದಲ, ಗಾಜು ಒಡೆಯುವುದು ನ್ಯಾಯದ ದಾರಿಯಲ್ಲ.

ಧರ್ಮಕೇಂದ್ರಗಳೂ ಒಂದು ಕೆಲಸ ಮಾಡಬಹುದು. ಬೂದಿ ಬುಧವಾರಕ್ಕೆ ಮೊದಲು ಊರಿನ ಹೋಟೆಲುಗಳಿಗೆ ಒಂದು ವಿನಯದ ಪತ್ರ ಬರೆದು, ತಪಸ್ಸುಕಾಲ ಎಂದಿನಿಂದ ಎಂದಿನವರೆಗೆ, ಶುಕ್ರವಾರಗಳಂದು ನಮ್ಮವರಿಗೆ ಏನು ಸಲ್ಲುತ್ತದೆ ಎಂಬುದನ್ನು ತಿಳಿಸಬಹುದು. ರಂಜಾನ್ ತಿಂಗಳಲ್ಲಿ, ನವರಾತ್ರಿಯಲ್ಲಿ ಹೋಟೆಲಿನವರು ತಮ್ಮ ಪಟ್ಟಿಯನ್ನು ಹೊಂದಿಸಿಕೊಳ್ಳುವುದನ್ನು ಕಾಣುತ್ತೇವೆ. ನಮ್ಮ ವ್ರತ ಅವರಿಗೆ ಗೊತ್ತಿಲ್ಲದಿದ್ದರೆ ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಪಾಲಿಸುತ್ತೇವೆ ಎಂದು ಅವರು ತಿರುಗಿ ಕೇಳಿದರೆ, ಆ ಪ್ರಶ್ನೆಯೂ ನಮಗೆ ಒಳ್ಳೆಯದನ್ನೇ ಮಾಡೀತು.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮ ನಾಡಿನ ಗಾದೆ. ತನ್ನಿಚ್ಛೆಯ ಊಟ ಎಂದರೆ ಬರೀ ನಾಲಗೆಯ ಇಚ್ಛೆಯಲ್ಲ. ಅಂತಃಕರಣದ ಇಚ್ಛೆಯೂ ಹೌದು. ಆ ಅಜ್ಜಿ ಮುಂದಿನ ಶುಕ್ರವಾರ ಹೋಟೆಲಿಗೆ ಹೋಗಲು ಒಪ್ಪಲಿಲ್ಲವೆಂದು ತಿಳಿಯಿತು. ಮನೆಯವರು ಅವರೊಡನೆ ಗಂಜಿ ಮತ್ತು ಹುರುಳಿಯ ಚಟ್ನಿ ಉಂಡರಂತೆ. ಹೋಟೆಲಿಗೆ ಆಗುತ್ತಿದ್ದ ಖರ್ಚನ್ನು ತಪಸ್ಸುಕಾಲದ ದಾನದ ಡಬ್ಬಿಗೆ ಹಾಕಿದರಂತೆ. ಅವರ ಮಟ್ಟಿಗೆ ಅದು ಒಳ್ಳೆಯದೇ ಆಯಿತು. ಆದರೆ ವೃದ್ಧರೊಬ್ಬರು ತಮ್ಮ ಮೊಮ್ಮಕ್ಕಳೊಡನೆ ಪೇಟೆಯ ಹೋಟೆಲಿನಲ್ಲಿ ಕುಳಿತು ನಿಶ್ಚಿಂತೆಯಿಂದ ಒಂದು ಬಟ್ಟಲು ಸೂಪು ಕುಡಿಯಲಾರದಂಥ ಊರು ನಮ್ಮದಾಗಬಾರದು. ಯಾರ ಧರ್ಮದ ವ್ರತಸ್ಥರು ಬಂದರೂ ‘ಇದು ನಿಮಗೆ ಸಲ್ಲುತ್ತದೆ, ಇದು ಸಲ್ಲುವುದಿಲ್ಲ’ ಎಂದು ನಿಜವನ್ನು ಹೇಳಿ ಬಡಿಸುವ ಕೈಗಳು ನಮ್ಮ ಹೋಟೆಲುಗಳಲ್ಲಿ ಹೆಚ್ಚಲಿ. ನಮ್ಮ ಮನೆಯ ಔತಣಗಳಿಂದಲೇ ಆ ಕೆಲಸ ಆರಂಭವಾಗಲಿ.